ಚಿನ್ನದ ಮೊಳೆ ಹೊಡೆದ ಸಂಪಿಗೆ

"ಕೇಳ್ರಪ್ಪೋ ಕೇಳಿ! ಅರಮನೆಯ ಸಂಪಿಗೆ ಮರ ಒಣಗುತ್ತಿದೆ. ದೊರೆಗಳ ಮೂರು ಒಗಟು ಬಿಡಿಸಿ, ಉತ್ತರವನ್ನು ಮರದಲ್ಲೇ ತೋರಿಸಿದವರಿಗೆ ಬೇಡಿದ್ದನ್ನು ಕೊಡುತ್ತಾರೆ. ತಪ್ಪಿದರೆ ತಲೆ ಹೋಗುತ್ತದೆ. ಮರಕ್ಕೆ ಕೇಡು ತಂದವನು ಯಾರೇ ಆಗಲಿ, ಅವನ ತಲೆಯೂ ಹೋಗುತ್ತದೆ!" ಎಂದು ಡಂಗುರದವನು ಸಾರಿದ.

ಯಾರೇ ಆಗಲಿ ಅಂತೆ! ಮೂವತ್ತು ವರ್ಷ ಆ ಮರಕ್ಕೆ ನೀರೆರೆದ ತೋಟಗಾರ ಕೆಂಚಯ್ಯನನ್ನು ದೊರೆ ವೀರಮಾರ ಆಗಲೇ ಸೆರೆಗೆ ತಳ್ಳಿಯಾಗಿತ್ತು. ಸಂಜೆಗೆ ಅವನ ತಲೆ ಹೊಡೆಯುವುದೆಂದು ನಿಗದಿಯಾಗಿತ್ತು. ಅಪ್ಪನನ್ನು ಬಿಡಿಸಿಕೊಳ್ಳಲು ಮಗ ದ್ಯಾವ ಬಂದು ಮರದ ಕೆಳಗೆ ನಿಂತ.

ಅವನಿಗಿಂತ ಮುಂದೆ ಅರಮನೆಯ ಜೋಯಿಸ ನಿಂತಿದ್ದ.

"ಬೆಂಕಿಯಿಲ್ಲದೆ ಬಂದ ಬೂದಿ ಎಳೆ ಎಲೆಯ ಮೇಲೆ ಕೂತಿದೆ. ಏನದು?" ಎಂದ ದೊರೆ.

"ದೇವರ ವಿಭೂತಿ, ಮಹಾಪ್ರಭು!"

"ದೇವರು ಬಂದರೆ ಮರ ಸಾಯುತ್ತದೇನಯ್ಯಾ? ಎಳೀರೋ ಇವನನ್ನ!"

ಆಮೇಲೆ ದಳವಾಯಿ ಮೀಸೆ ತಿರುವುತ್ತಾ ಬಂದ. ಬೂದಿ ಶತ್ರುಗಳ ಮಾಟ ಎಂದ. ಮಾಟ ಮಾಡಿದವನನ್ನು ತೋರಿಸಲಾಗದೆ ಅವನೂ ಸಂಜೆ ತಲೆ ಕೊಡಲು ಸೆರೆಗೆ ಹೋದ.

ದ್ಯಾವ ಕೈಮುಗಿದ. "ಇದು ಬೂದಿ ರೋಗ, ಸ್ವಾಮಿ. ಗಾಳಿ ಬೆಳಕು ಆಡದ ಕಡೆ ಹತ್ತುತ್ತದೆ. ನೀವು ಕಟ್ಟಿಸಿದ ರೇಷ್ಮೆ ಮೇಲ್ಕಟ್ಟಿನ ಕೆಳಗಿನ ಎಲೆ ನೋಡಿ, ಬಿಸಿಲಿಗೆ ಚಾಚಿದ ಕೊಂಬೆಯ ಎಲೆಯನ್ನೂ ನೋಡಿ."

ಬಿಸಿಲಿನ ಎಲೆ ಹಸಿರಾಗಿ ಹೊಳೆಯುತ್ತಿತ್ತು. ದೊರೆ ಹಲ್ಲು ಕಡಿದ.

"ಮನೆಯೊಳಗೆ ಕೂತು ಮನೆಯನ್ನೇ ತಿಂದು, ಹೊಸ್ತಿಲಲ್ಲಿ ಹಿಟ್ಟು ಚೆಲ್ಲುವ ಕಳ್ಳ ಯಾರು?"

ದ್ಯಾವ ಕಾಂಡದ ತೂತಿನೊಳಗೆ ಕೊಕ್ಕೆ ತಂತಿ ತೂರಿಸಿ ಎಳೆದ. ಹೆಬ್ಬೆರಳು ಗಾತ್ರದ ಬಿಳಿ ಹುಳು ಹೊರಬಂತು. ಮರದ ಹುಡಿ ದೊರೆಯ ಪಾದದ ಮೇಲೆ ಉದುರಿತು.

"ಇವನೇ ಸ್ವಾಮಿ, ಕಾಂಡ ಕೊರೆಯುವ ಹುಳು."

"ಮೂರನೆಯ ಒಗಟು. ಅವನಿಗೆ ಬಾಗಿಲು ತೆರೆದವನು ಯಾರು? ನಿನ್ನಪ್ಪ ತಾನೇ? ಬೊಗಳು!"

ದ್ಯಾವನಿಗೆ ಭಯವೆಂದರೆ ಭಯ. ಆದರೂ ಕಾಂಡದ ಮೇಲೆ ಕೈಯಿಟ್ಟ. ಪ್ರತಿ ಹುಟ್ಟುಹಬ್ಬಕ್ಕೆ ದೊರೆ ತನ್ನ ಆಯಸ್ಸು ಗಟ್ಟಿಯಾಗಲೆಂದು ಆ ಮರಕ್ಕೆ ಒಂದು ಚಿನ್ನದ ಮೊಳೆ ಹೊಡೆಯುತ್ತಿದ್ದ. ಮೂವತ್ತೆರಡು ಮೊಳೆ ಇದ್ದವು. ಒಂದೊಂದರ ಪಕ್ಕದಲ್ಲೂ ತೂತು, ತೂತಿನ ಬಾಯಲ್ಲಿ ಹುಡಿ.

"ಗಾಯವಾದ ತೊಗಟೆಯಲ್ಲಿ ದುಂಬಿ ಮೊಟ್ಟೆ ಇಡುತ್ತದೆ. ಮೊಳೆ ಬೇಡವೆಂದು ಅಪ್ಪ ವರ್ಷವರ್ಷ ಬೇಡಿಕೊಂಡ. ಬಾಗಿಲು ತೆರೆದವರು ನೀವು, ಸ್ವಾಮಿ."

ದೊರೆ ಕತ್ತಿ ಹಿರಿದ.

"ಹೊಡೀರಿ. ಯಾರೇ ಆಗಲಿ ಎಂದು ಸಾರಿದ್ದನ್ನು ಊರೆಲ್ಲ ಕೇಳಿದೆ," ಎಂದ ದ್ಯಾವ.

ನೆರೆದ ಜನ ದೊರೆಯ ತಲೆಯನ್ನೇ ನೋಡುತ್ತಿದ್ದರು. ಕತ್ತಿ ಕೆಳಗಿಳಿಯಿತು.

"ಏನು ಬೇಕು ನಿನಗೆ?"

"ನಿಮ್ಮ ತಲೆ ಬೇಡ. ನನ್ನಪ್ಪ ಬೇಕು. ಒಳಗಿರುವ ಜೋಯಿಸ, ದಳವಾಯಿ ಇಬ್ಬರನ್ನೂ ಬಿಡಿ."

ಸೆರೆಯಿಂದ ಬಂದ ಕೆಂಚಯ್ಯ ಮಗನ ಬೆನ್ನು ಸವರಿ, ನೆಟ್ಟಗೆ ಮರದ ಹತ್ತಿರ ಹೋದ. ಒಂದೊಂದು ತೂತನ್ನೂ ಮುಟ್ಟಿ ನೋಡಿ ಕಣ್ಣೀರು ಹಾಕಿದ. ಆಮೇಲೆ ಇಕ್ಕಳ ತಂದು ದೊರೆಯ ಮುಂದೆ ಹಿಡಿದ.

"ಹೊಡೆದ ಕೈಯೇ ಕೀಳಲಿ, ಸ್ವಾಮಿ."

ಸಂಜೆಯ ಹೊತ್ತಿಗೆ ಮೂವತ್ತೆರಡು ಚಿನ್ನದ ಮೊಳೆ ದ್ಯಾವನ ಮಡಿಲಲ್ಲಿದ್ದವು. ದೊರೆಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.