ದಾವಲಸಾಬನ ಹೆಬ್ಬೆರಳು

ಗುರುವಿನ ಪದ ಕಲಿ, ಗುರುವಿನ ಊನ ಕಲಿಯಬೇಡ. ಹೊಳೆದಂಡೆಯ ಆ ಆಶ್ರಮಕ್ಕೆ ಹಾಡಲು, ಬಾರಿಸಲು ಬಂದವರಿಗೆಲ್ಲ ಇದ್ದದ್ದು ಈ ಒಂದೇ ಕಟ್ಟಳೆ. ದಾವಲಸಾಬ ಸತ್ತ ಮೇಲೆ ಅವನ ಶಿಷ್ಯರೆಲ್ಲ ಅದನ್ನು ಮುರಿದರು. ಕೈಮುಗಿದುಕೊಂಡೇ ಮುರಿದರು.

ದಾವಲಸಾಬ ಗಿಟಾರಿನ ಮೇಲೆ ತತ್ವಪದ ನುಡಿಸುತ್ತಿದ್ದ. ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿದ ಗಿಟಾರು. ಅದರ ದಪ್ಪ ತಂತಿಯನ್ನು ಏಕತಾರಿಯ ಶ್ರುತಿಗೆ ಇಳಿಸಿ, ಹೆಬ್ಬೆರಳಲ್ಲಿ ಅದನ್ನು ಮೀಟುತ್ತ, ಉಳಿದ ಬೆರಳುಗಳಲ್ಲಿ ಪದ ಹಾಡಿಸುತ್ತಿದ್ದ. ಮೊದಮೊದಲು ನಕ್ಕ ಊರುಗಳೇ ಆಮೇಲೆ ತಮ್ಮ ಮಕ್ಕಳನ್ನು ಅವನಲ್ಲಿಗೆ ಕಳಿಸಿದವು. ಈಗ ಹೊಳೆಯ ಆಚೆ ಈಚೆ ಗಿಟಾರಿಲ್ಲದ ಭಜನಾ ಮೇಳವಿಲ್ಲ.

ಅವನ ಬಲಗೈ ಹೆಬ್ಬೆರಳು ಪ್ರಾಯದಲ್ಲೇ ಕಬ್ಬಿನ ಗಾಣಕ್ಕೆ ಸಿಕ್ಕು ಸೆಟೆದುಹೋಗಿತ್ತು. ಗೆಣ್ಣು ಮಡಚುತ್ತಿರಲಿಲ್ಲ. ಹಾಗಾಗಿ ದಪ್ಪ ತಂತಿ ಯಾವಾಗಲೂ ತಾಳಕ್ಕಿಂತ ಅರೆ ಉಸಿರು ತಡವಾಗಿ ನುಡಿಯುತ್ತಿತ್ತು. ಆ ಅರೆ ಉಸಿರಿಗಾಗಿ ಜನ ತಮ್ಮ ಉಸಿರು ಹಿಡಿದು ಕೂತಿರುತ್ತಿದ್ದರು.

ಅವನನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಶಿಷ್ಯರು ಚೆನ್ನಾಗಿ ಮಡಚುವ ತಮ್ಮ ಹೆಬ್ಬೆರಳುಗಳಿಗೆ ಬಿದಿರಿನ ಸೀಳು ಇಟ್ಟು ಕೆಂಪು ದಾರ ಸುತ್ತಿಕೊಂಡರು. ಬೆರಳು ಮಡಚಬಾರದು, ಅಷ್ಟೇ. ಇದಕ್ಕೆ ಅವರಿಟ್ಟ ಹೆಸರು ನಿಷ್ಠೆ. ಕುಂಟನ ಮಕ್ಕಳೆಲ್ಲ ಅಪ್ಪನ ಹೆಣದ ಹಿಂದೆ ಕುಂಟುತ್ತ ನಡೆದರೆ ಅದಕ್ಕೆ ಏನು ಹೆಸರಿಡುತ್ತಿದ್ದರೋ!

ಎಲ್ಲರಿಗಿಂತ ಬಿಗಿಯಾಗಿ ಸುತ್ತಿಕೊಂಡವನು ಕಲ್ಮೇಶ. ಎಲ್ಲರಿಗಿಂತ ಹೆಚ್ಚು ವರ್ಷ ದಾವಲಸಾಬನ ಎದುರು ಕೂತವನೂ ಅವನೇ. ನೆನಪಿನ ಸಭೆಯಲ್ಲಿ ಗುರುವಿನ ಜಾಗ ಅವನದೇ ಎಂದು ಮೇಳಗಳೆಲ್ಲ ಮಾತಾಡಿಕೊಂಡಿದ್ದವು. ಆದರೆ ಶಾಲು ಹೊದಿಸಿ ಆ ಜಾಗದಲ್ಲಿ ಕೂರಿಸಬೇಕಾದವರು ಗುರುಪಾದಜ್ಜ. ಆಶ್ರಮದ ಹಿರಿಯರು, ದಾವಲಸಾಬನಿಗೇ ಪದ ಕಲಿಸಿದವರು.

ಅಪ್ಪಣೆ ಕೇಳಲು ಕಲ್ಮೇಶ ಗಿಟಾರು ಹೆಗಲಿಗೇರಿಸಿ ಹೊಳೆಗೆ ಹೋದ. ಅಜ್ಜ ಮೆಟ್ಟಿಲ ಮೇಲೆ ನಿಂತು ಧೋತರ ಹಿಂಡುತ್ತಿದ್ದರು.

"ಬೆರಳಿಗೆ ಏನಾತೋ?"

"ಏನಿಲ್ರಿ ಅಜ್ಜಾರ. ಗುರುಗಳ ನೆನಪಿಗೆ ಕಟ್ಟೀನಿ."

"ಬರೇ ಕಟ್ಟೀಯೇನು? ಖರೇ ಭಕ್ತಿ ಇದ್ದರ ಗಾಣಕ್ಕ ಕೊಡಬೇಕಾಗಿತ್ತು."

ಕಲ್ಮೇಶ ತಲೆ ತಗ್ಗಿಸಿದ.

"ದಾವಲ್ಯಾ ಪದದ ನಡುವ ಕೆಮ್ಮತಿದ್ದ. ಅದನ್ನೂ ಕಲಿತೀರೇನು?"

ಕಲ್ಮೇಶ ಹೆಗಲ ಮೇಲಿನ ಗಿಟಾರು ಸರಿಮಾಡಿಕೊಂಡ.

"ನಿನ್ನನ್ನ ಕೇಳಾಕತ್ತೀನಿ!"

"ನಾ ಇಲ್ರಿ ಅಜ್ಜಾರ. ಒಂದಿಬ್ಬರು... ಎರಡನೇ ನುಡಿ ಮುಗಿದ ಮ್ಯಾಲೆ ಕೆಮ್ಮತಾರ್ರಿ."

ಅಜ್ಜನ ಕೈಯ ಧೋತರ ಕಲ್ಲಿಗೆ ಅಪ್ಪಳಿಸಿತು.

"ಅವ ಬೀಡಿ ಸೇದಿ ಕೆಮ್ಮಿದ. ಇವರು ಭಕ್ತೀಲೆ ಕೆಮ್ಮತಾರ! ನಾಳೆ ಅವನಂಗ ಸಾಯಾಕೂ ಪಾಳಿ ಹಚ್ಚತೀರೇನು?"

"ಸಿಟ್ಟಾಗಬ್ಯಾಡ್ರಿ. ಆ ತಡದಾಗ ಅವರು ಇನ್ನೂ ಅದಾರ್ರಿ. ಅದೂ ಹೋದರ ಅವರು ಪೂರಾ ಹೋಗ್ತಾರ."

"ಆ ಬೆರಳು ಹಿಡಕೊಂಡು ಅವ ಈ ಮೆಟ್ಟಿಲ ಮ್ಯಾಲೆ ಕೂತು ಅತ್ತಾನ, ನಾ ನೋಡೀನಿ. ಮಡಚವಲ್ದು ಅಜ್ಜಾ, ತಾಳ ಕೈಗೆ ಸಿಗವಲ್ದು ಅಂತ. ಸಾಯೋತನಕ ಅದರ ಜೋಡಿ ಬಡಿದಾಡಿದ. ಬಡಿದಾಡಿ ಬಡಿದಾಡಿ ಆ ನಾದ ತಗದ. ನೀವು ಅವನನ್ನ ಬಿಟ್ಟು ಅವನ ವೈರೀನ ಪೂಜಾ ಮಾಡಾಕತ್ತೀರಿ. ಬಿಚ್ಚು ಅದನ್ನ."

ಕಲ್ಮೇಶ ಬಿಚ್ಚಿದ. ಬೆರಳು ಬಿಳಿಚಿಕೊಂಡಿತ್ತು. ಜೋಮು ಹಿಡಿದ ಗೆಣ್ಣನ್ನು ಮಡಚಲು ಹೋದರೆ ಅದು ಕೂಡಲೇ ಮಾತು ಕೇಳಲಿಲ್ಲ. ಅವನು ಹೆದರಿದ.

"ಹಿಂಗ ಕಟ್ಟತಾ ಹೋಗು," ಎಂದರು ಅಜ್ಜ. "ಮಡಚೋದನ್ನ ಅದು ಪೂರಾ ಮರೀತೈತಿ. ಈಗ ಬಾರಿಸು."

ಬಾರಿಸಿದ. ದಪ್ಪ ತಂತಿ ತಾಳಕ್ಕೆ ಸರಿಯಾಗಿ ಬಂದು ಕೂತಿತು. ತಡವಿಲ್ಲ, ಉಸಿರು ಹಿಡಿಯುವಂಥದ್ದು ಏನೂ ಇಲ್ಲ. ಬಣ್ಣ ತೊಳೆದ ಗೋಡೆಯ ಹಾಗೆ ಪದ ಬೋಳುಬೋಳಾಗಿ ಕಂಡಿತು. ಒಂದು ಕಡೆ ಮಾತ್ರ ಬೆರಳು ತಾನಾಗಿ ತಾಳಕ್ಕಿಂತ ಮುಂದೆ ಓಡಿತು. ಗಾಬರಿಯಾಗಿ ಅವನು ಕೈ ತೆಗೆದುಬಿಟ್ಟ.

"ಇದು ಗುರುಗಳದ್ದಲ್ರಿ."

"ಅಲ್ಲ."

"ನಂದೂ ಅಲ್ರಿ."

"ಇನ್ನೂ ಅಲ್ಲ."

"ಸಭಾದಾಗ ಹಿಂಗ ಬಾರಿಸಿದರ ಮಂದಿ ಎದ್ದು ಹೋಗ್ತಾರ್ರಿ ಅಜ್ಜಾರ."

"ದಾವಲ್ಯಾ ಮೊದಲನೇ ಸಲ ಬಾರಿಸಿದಾಗ ಕೂತಿದ್ದರೇನು?"

ಕಲ್ಮೇಶ ಗಿಟಾರು ಹೆಗಲಿಗೇರಿಸಿದ. ಅಜ್ಜನ ಕಾಲು ಮುಟ್ಟಿ ನಮಸ್ಕರಿಸಿ ಮೆಟ್ಟಿಲು ಹತ್ತಿದ. ಬೇವಿನ ಮರ ದಾಟಿ, ಅಜ್ಜನ ಕಣ್ಣಿಗೆ ಮರೆಯಾದ ಮೇಲೆ, ನಿಂತು ಮತ್ತೆ ದಾರ ಸುತ್ತಿಕೊಂಡ.

ಸಭೆಯ ದಿನ ಆಶ್ರಮದ ಅಂಗಳ ತುಂಬಿತು. ದಾವಲಸಾಬನ ಪಟಕ್ಕೆ ಮಾಲೆ ಹಾಕಿದ್ದರು. ಅದರ ಕೆಳಗೆ ಸಾಲಾಗಿ ಶಿಷ್ಯರು, ಸಾಲಾಗಿ ಕೆಂಪು ದಾರದ ಹೆಬ್ಬೆರಳುಗಳು. ಬದುಕಿದ್ದಾಗ ಅವನ ಗಿಟಾರನ್ನು 'ಸಾಬನ ಪೆಟಗಿ' ಎಂದು ಹಂಗಿಸಿದ ಬಾಯಿಗಳೇ ಈಗ ಮೈಕಿನ ಮುಂದೆ ಅವನನ್ನು ಮಹಾತ್ಮ ಮಾಡಿದವು. ಅಜ್ಜ ಆ ಹೆಬ್ಬೆರಳುಗಳ ಸಾಲನ್ನೇ ನೋಡುತ್ತ ಕೂತಿದ್ದರು.

ಕಲ್ಮೇಶ ಬಾರಿಸಿದ. ಅದೇ ಪದ, ಅದೇ ಇಳಿಕೆ, ಅದೇ ಅರೆ ಉಸಿರಿನ ತಡ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎರಡನೇ ನುಡಿ ಮುಗಿದಾಗ ಸಾಲಿನಲ್ಲಿ ಯಾರೋ ಕೆಮ್ಮಿದರು.

"ದಾವಲಸಾಬ ಎದ್ದು ಬಂದಂಗಾತಲ್ಲೋ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಚಪ್ಪಾಳೆ ಬಿತ್ತು. ಕಲ್ಮೇಶನ ಎದೆ ಉಬ್ಬಿತು. ಹೆಬ್ಬೆರಳು ಎಲ್ಲಿದೆ ಎಂಬುದೇ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಮೇಳಗಳ ಹಿರಿಯ ರಾಚಪ್ಪ ತಟ್ಟೆಯಲ್ಲಿ ಶಾಲು ತಂದು ಅಜ್ಜನ ಮುಂದೆ ಹಿಡಿದ.

"ಹೊದಿಸ್ರಿ ಅಜ್ಜಾರ. ಇನ್ನೇನು ಬೇಕು? ಕಣ್ಣು ಮುಚ್ಚಿ ಕೇಳಿದರ ಥೇಟ್ ಅವನ!"

ಅಜ್ಜ ಎದ್ದರು. ಶಾಲು ಕೈಗೆತ್ತಿಕೊಂಡು ಕಲ್ಮೇಶನ ಎದುರು ಬಂದು ನಿಂತರು. ಅವನು ಕಣ್ಣು ಮುಚ್ಚಿ ಹೆಗಲು ಬಾಗಿಸಿದ. ಹೆಗಲ ಮೇಲೆ ಏನೂ ಬೀಳಲಿಲ್ಲ.

ಕಣ್ಣು ತೆರೆದಾಗ ಅಜ್ಜ ಶಾಲನ್ನು ನಾಲ್ಕು ಮಡಿಕೆ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು.

"ಈಗ ಬಾರಿಸಿದಾತಗ ನಾವೆಲ್ಲಾರೂ ಕೂಡಿ ಮಣ್ಣು ಕೊಟ್ಟು ಬಂದೇವಿ," ಎಂದರು. "ಇದನ್ನ ಯಾರಿಗೆ ಹೊದಿಸಲಿ?"