ಟೈರಿನ ಜಾತಕ

ನಮ್ಮ ಆಫೀಸಿನ ಸಣ್ಣ ಕಾರಿನ ಡ್ರೈವರು ಸಾಹೇಬರ ಬಾಯಿ ಹೇಗೆ ಮುಚ್ಚಿಸಿದ, ಊಹಿಸಿ ನೋಡೋಣ.

ಸಾಹೇಬರು ಪಂಪಾಪತಿಯವರು, ಪಂಚಾಂಗ ನೋಡದೆ ಪೆನ್ನಿಗೆ ಇಂಕೂ ತುಂಬಿಸದ ಮನುಷ್ಯ. ಅಂದು ರಜೆ. ಆದರೂ ಡ್ರೈವರನನ್ನು ಕರೆಸಿ, ತಮ್ಮ ಭಾಮೈದನ ಅಂಗಡಿಯಿಂದ ಬಂದ ನಾಲ್ಕು ಟೈರು, ಒಂದು ಆಯಿಲ್ ಫಿಲ್ಟರು ತೋರಿಸಿದರು.

"ಒಳ್ಳೇ ಮುಹೂರ್ತ ಇದೆ, ಈಗಲೇ ಹಾಕಿಸು. ಆಗಲ್ಲ ಅಂದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಭಾಮೈದ ಪಕ್ಕದಲ್ಲೇ ಹಲ್ಲು ಕಿರಿಯುತ್ತ ನಿಂತಿದ್ದ. ಟೈರುಗಳು ಕಪ್ಪು ಪಾಲಿಶ್ ಬಳಿದುಕೊಂಡು ಫಳಫಳ ಹೊಳೆಯುತ್ತಿದ್ದವು. ಡ್ರೈವರು ಬಗ್ಗಿ, ಪಕ್ಕೆಯಲ್ಲಿ ಅಚ್ಚಾಗಿದ್ದ 1411 ಎಂಬ ಅಂಕಿ ಓದಿದ.

"ಜಾತಕ ಇಲ್ಲೇ ಇದೆ ಸಾರ್. ಜನನ ಎರಡು ಸಾವಿರದ ಹನ್ನೊಂದು, ಹದಿನಾಲ್ಕನೇ ವಾರ. ಟೈರಿಗೆ ಆರು ವರ್ಷಕ್ಕೇ ಷಷ್ಟಿಪೂರ್ತಿ, ಇದಕ್ಕೆ ಹನ್ನೊಂದು. ಹಾಕಿಸ್ತೀನಿ, ಹಿಂದೆ ಕೂರೋರು ನೀವು. ನಿಮ್ಮ ಆಯುಷ್ಯ ಒಂದು ನೋಡಿಬಿಡಿ."

ಸಾಹೇಬರು ಬೆವರು ಒರೆಸಿಕೊಂಡರು. "ಫಿಲ್ಟರಾದರೂ ಹಾಕಯ್ಯ."

"ಕಾರಿನ ಕಂಪನಿಯದೇ ಆಗಬೇಕಂತಿಲ್ಲ ಸಾರ್, ಹೊರಗಿನ ಕಂಪನಿಯದಾದರೂ ಅಡ್ಡಿಯಿಲ್ಲ. ಇದಕ್ಕೆ ಹೆಸರೂ ಇಲ್ಲ, ಊರೂ ಇಲ್ಲ. ಗೋತ್ರ ಗೊತ್ತಿಲ್ಲದ ಮನೆಗೆ ನಮ್ಮ ಎಂಜಿನ್ ಕೊಡೋದಾ?"

ಸಾಹೇಬರು ಭಾಮೈದನ ಕಡೆ ನೋಡಿ, ಗೇಟಿನತ್ತ ಕೈ ತೋರಿಸಿದರು.

ಭಾಮೈದ ಒಂದೊಂದೇ ಟೈರು ಉರುಳಿಸಿಕೊಂಡು ವಾಪಸ್ಸು ಹೋದದ್ದು 2022ರ ಮೇ ಮೂರು, ಮಂಗಳವಾರ; ಏನಿಟ್ಟರೂ ಮಾರಿಹೋಗುತ್ತದೆಂದು ಅಂಗಡಿಯವರೆಲ್ಲ ವರ್ಷವಿಡೀ ಕಾಯುವ ಅಕ್ಷಯ ತದಿಗೆ.