ಮೋರಿ ಇಲಿಗಳಿಗೆ ಮೂವರು ಮೆಂಬರು

ಮೋರಿಯ ಬದಿಯ ಇಲಿಗಳೆಲ್ಲ ಒಂದೇ ವಾರ್ಡಿನವು. ಅವುಗಳ ಮೆಂಬರೂ ಒಂದು ಇಲಿಯೇ. ಮಳೆಗೆ ಮುಂಚೆ ಅದು ಮೋರಿಯ ಹೂಳು ತೆಗೆಸುತ್ತಿತ್ತು. ಒಂದು ದಿನ ಓತಿಕ್ಯಾತ ಬಂದು, ಬಾಲದಲ್ಲಿ ಹೊಸ ಗೆರೆ ಎಳೆದು, ಇಲಿಗಳ ಕೇರಿಯನ್ನು ನಾಯಿ, ಹಸು, ಬೆಕ್ಕುಗಳ ಮೂರು ವಾರ್ಡಿಗೆ ಹಂಚಿತು.

“ಒಬ್ಬರ ಬದಲು ಮೂವರು ಮೆಂಬರು, ಚಿಗವ್ವ! ಇನ್ನೇನು ಬೇಕು?” ಎಂದಿತು.

ಎಳೆ ಮರಿಗಳ ತಾಯಿ ಚಿಗವ್ವ ಹಿಗ್ಗಿ ಕೇರಿಗೆಲ್ಲ ಬೆಲ್ಲ ಹಂಚಿದಳು. ಚುನಾವಣೆಯಲ್ಲಿ ಎಲ್ಲೂ ಓಟು ಸಾಲದೆ ಇಲಿಗಳು ಮೂರು ಕಡೆಯೂ ಸೋತು, ನಾಯಿ, ಹಸು, ಬೆಕ್ಕು ಮೆಂಬರಾದವು.

ಮಳೆ ಹೊಯ್ದು, ಹೂಳು ತುಂಬಿದ ಮೋರಿ ಉಕ್ಕಿ, ನೀರು ಮರಿಗಳ ಬಿಲಕ್ಕೆ ನುಗ್ಗಿತು. ಚಿಗವ್ವ ಮೆಂಬರುಗಳ ಮನೆಗೆ ಓಡಿದಳು. ನಾಯಿ, ಹಸು ಎರಡೂ “ನಿನ್ನ ಬಿಲ ಬೆಕ್ಕಿನ ವಾರ್ಡು ಕಣಮ್ಮ” ಎಂದು ಮುಖ ತಿರುಗಿಸಿದವು.

ಬೆಕ್ಕು ಮಾತ್ರ ಬಾಗಿಲು ತೆರೆದು ನಕ್ಕಿತು.

“ಅಯ್ಯೋ ತಾಯಿ, ನೆನೀತಾ ಯಾಕೆ ನಿಂತಿದ್ದೀಯ? ಮರಿಗಳನ್ನೂ ಕರಕೊಂಡು ಒಳಗೆ ಬಾ, ಕೂತು ಮಾತಾಡೋಣ.”